ಸಾರಿಗೆ ಬಿದ್ದ ಬಸವನಹುಳು

ಕೈಯಲ್ಲಿರುವ ಚಾ ಲೋಟದಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಂಬದವರು ಹಿರೇಗುತ್ತಿಗೆ ಹೋಗಿ ನಿತ್ಯಾನಂದನ ಬಾಯಿ ತೆರೆಸಿ ನೋಡಬಹುದು. ಎಡಗಡೆಯ ಒಂದು ದವಡೆಹಲ್ಲಿನ ಅಂಚು ಮುರಿದಿದೆ.

ಊರಲ್ಲಿ ತನ್ನ ಹೆಸರಿನದು ಅಂತ ಒಂದೂ ಇಲ್ಲವಲ್ಲ ಎಂಬುದೇ ನಿತ್ಯಾನಂದನ ದುಃಖ. ಮನೆ ಹೆಂಡತಿಯ ಹೆಸರಲ್ಲಿ, ದೋಣಿ ಮಾವನ ಹೆಸರಲ್ಲಿ, ಕರೆಂಟ್ ಬಿಲ್ಲು ಎಂದೋ ಸತ್ತ ಅಜ್ಜನ ಹೆಸರಲ್ಲಿ. ಹೀಗಿರುವಾಗ ಆ ಬೆಳಿಗ್ಗೆ ಕಡಲು ನುಗ್ಗುವ ಹೊಳೆಯಿಂದ ಹೆಕ್ಕಿ ತಂದ ಬಳಚು ಚಿಪ್ಪುಮೀನಿನ ರಾಶಿಯಲ್ಲಿ, ಒಂದು ಚಿಪ್ಪಿಗೆ ಅಂಟಿಕೊಂಡಿದ್ದ ಕಡಲ ಬಸವನಹುಳು ಅವನ ಕಣ್ಣಿಗೆ ಬಿತ್ತು. ಎಳ್ಳುಕಾಳಿನಷ್ಟು ಗಾತ್ರ, ಬೆನ್ನ ಮೇಲೆ ಕೆಂಪು ಗೆರೆಯ ಸುರುಳಿ ಶಂಖ. ಕುಮಟೆಯಲ್ಲಿ ಉಳಿದು ಇಂಥವನ್ನೇ ಹುಡುಕುತ್ತಿದ್ದ ಸಂಶೋಧಕಿ ವಿನುತಾ ಮೇಡಂಗೆ ಫೋಟೋ ಕಳಿಸಿದ. ಕೂಡಲೇ ಫೋನು ಬಂತು.

"ಇದು ಹೊಸ ಜಾತಿ ಇರಬಹುದು. ಜೀವಂತ ಇಟ್ಕೊಂಡಿರಿ, ಮಧ್ಯಾಹ್ನ ಬರ್ತೇನೆ. ನನ್ನ ಕೈಗೆ ಕೊಟ್ಟವರ ಹೆಸರೇ ಅದಕ್ಕೆ."

ನಿತ್ಯಾನಂದ ಸ್ಟೀಲ್ ಡಬ್ಬಿಗೆ ಹೊಳೆಯ ಉಪ್ಪುನೀರು ತುಂಬಿ ಹುಳುವನ್ನು ಬಿಟ್ಟ. ಉಸಿರಾಡಲೆಂದು ಮುಚ್ಚಳ ಓರೆ ಮಾಡಿ, ಬಳಚಿನ ಪಕ್ಕದಲ್ಲಿಟ್ಟು ಕ್ಷೌರಕ್ಕೆ ಹೋದ. ಹೆಸರು ಬರುವ ದಿನ ಮುಖವೂ ಚೆನ್ನಾಗಿರಬೇಕಲ್ಲ.

ತಿರುಗಿ ಬಂದರೆ ಡಬ್ಬಿಯೇ ಇಲ್ಲ.

"ಇಲ್ಲಿಟ್ಟ ನೀರು ಎಲ್ಲೋಯ್ತೇ?"

"ಬಳಚು ಒಡೆದ ನೀರಲ್ವಾ? ಸಾರಿಗೆ ಹಾಕ್ದೆ," ಎಂದಳು ಹೆಂಡತಿ ಚಂದನಾ. ಬಳಚಿನ ಉಪ್ಪುನೀರು ಚೆಲ್ಲುವ ಹೆಂಗಸು ಆ ಕಡೆ ಇನ್ನೂ ಹುಟ್ಟಿಲ್ಲ. "ಕೇರಿಗೆಲ್ಲ ಸಾರು ಕೊಟ್ಟೂ ಆತು."

ಮನೆಯ ಪಾಲನ್ನು ಸೋಸಿ ನೋಡಿದ. ಹುಳು ಇಲ್ಲ. ಸಾರಲ್ಲಿ ಹುಳು ಅಂತ ಕೇರಿಯವರಿಗೆ ಹೇಳಿದರೆ ಚಂದನಾ ಅವನನ್ನು ಜೀವಂತ ಬಿಡುವುದಿಲ್ಲ. ಹಾಗಾಗಿ ಪಕ್ಕದ ಮನೆಯ ನಾಗರಾಜನಿಗೆ, "ಸಾರಲ್ಲಿ ಮೂಗುತಿ ಹರಳು ಬಿದ್ದದೆ ಮಾರಾಯ, ಸ್ವಲ್ಪ ನೋಡ್ತೆ," ಎಂದ.

"ಪಾತ್ರೆಗೆ ಕೈ ಹಾಕುದು ಬೇಡ. ಕೂತ್ಕಂಡು ಉಣ್ಣು, ಹಲ್ಲಿಗೆ ಸಿಕ್ತದೆ."

ಮನೆಮನೆಯಲ್ಲೂ ಹೀಗೇ ಕೂರಿಸಿ ಬಡಿಸಿದರು. ಹೊಟ್ಟೆ ಆಷಾಢದ ಬಾವಿಯ ಹಾಗೆ ಅಂಚಿಗೆ ಬಂತು. ಅಷ್ಟರಲ್ಲಿ ನಾಗರಾಜನ ಹೆಂಡತಿ ದೀಪಾ, ಚಂದನಾಳ ಮೂಗು ನೋಡಿಕೊಂಡು ಬಂದಿದ್ದಳು.

"ಚಂದನಕ್ಕನ ಹರಳು ಮೂಗಲ್ಲೇ ಅದೆ. ಹಂಗಾರೆ ಇವ ಹುಡುಕುದು ಯಾರ ಮೂಗುತಿ?"

ಈ ಪ್ರಶ್ನೆ ನಿತ್ಯಾನಂದನಿಗಿಂತ ಬೇಗ ಕೇರಿ ಸುತ್ತಿತು.

ಕೊನೆಯ ಮನೆಯಲ್ಲಿ, ಕೊನೆಯ ತುತ್ತಿಗೆ ಕಟಕ್ ಎಂದಿತು. ಬಾಯಿಂದ ತೆಗೆದರೆ ಎಳ್ಳಿನ ಗಾತ್ರದ ಗಟ್ಟಿ ಚೂರು. ಬಾಳೆಲೆಯಲ್ಲಿ ಸುತ್ತಿಕೊಂಡು ಮನೆಗೆ ಓಡಿದ. ಅಂಗಳದಲ್ಲೇ ನಿಂತಿದ್ದ ಮೇಡಂ ಭೂತಗನ್ನಡಿ ಹಿಡಿದು ನೋಡಿದರು.

"ನಿತ್ಯಾನಂದರೇ, ಇದು ಹಲ್ಲು."

ನಾಲಿಗೆ ದವಡೆಯವರೆಗೆ ಹೋಗಿ ವಿಚಾರಿಸಿಕೊಂಡು ಬಂತು. ಹೌದು, ಹಲ್ಲೇ.

"ಹಂಗಾರೆ ನನ್ನ ಹುಳ?"

"ಅದು ಸಿಕ್ಕಿತಲ್ಲ. ನೀರಲ್ಲಿಟ್ಟರೆ ಮೇಲೆ ಹತ್ತುವ ಜಾತಿ ಅದು. ಡಬ್ಬಿಯ ಮುಚ್ಚಳದ ಮೇಲೆ ಕೂತಿತ್ತು. ಇವರು ತಂದುಕೊಟ್ರು."

ಪಕ್ಕದಲ್ಲಿ ಎದುರುಮನೆ ತಿಮ್ಮಕ್ಕ. ಚಂದನಾ ಸಾರು ಕಳಿಸಿದ್ದು ಅದೇ ಡಬ್ಬಿಯಲ್ಲಿ. ಖಾಲಿ ಡಬ್ಬಿ ಮರಳಿಸಬಾರದೆಂದು ಬೆಲ್ಲ ಹಾಕಿ ತಂದವಳು, ಅಂಗಳದಲ್ಲಿ ಕಂಡ ಮೇಡಂ ಕೈಗೇ ಕೊಟ್ಟಿದ್ದಳು.

"ನಾ ಎಂತದೋ ಕಸ ಅಂದ್ಕಂಡೆ," ಎಂದಳು ತಿಮ್ಮಕ್ಕ ನಾಚುತ್ತ. "ನನ್ನ ಹೆಸ್ರು ಇಡ್ತ್ರಂತೆ."

"ತಿಮ್ಮಿ," ಎಂದರು ಮೇಡಂ. "ಸಣ್ಣ ಹುಳುವಿಗೆ ಸಣ್ಣ ಹೆಸರು, ಚೆನ್ನಾಗಿ ಹೊಂದ್ತದೆ."

ಅವರೆಲ್ಲ ಹೋದ ಮೇಲೆ ನೋಡಿದರೆ, ಹೊಸ್ತಿಲಲ್ಲಿ ಚಂದನಾ. ಮೂಗುತಿಯ ಮೇಲೆ ಬೆರಳು.

"ಹರಳು ಯಾರದು?"

"ಹರಳಲ್ಲ ಮಾರಾಯ್ತಿ, ಹುಳ. ಎಳ್ಳಷ್ಟು ಹುಳ. ಅದ್ಕೆ ನನ್ನ ಹೆಸ್ರು ಇಡ್ತ್ರು ಅಂತ ನಾನು ಕೇರಿಯೆಲ್ಲ—"

ಚಂದನಾ ಒಳಗೆ ಹೋಗಿ ಅಗುಳಿ ಹಾಕಿದಳು. ಮನೆ ಅವಳ ಹೆಸರಲ್ಲಿತ್ತು.