ಗೇಟಿನ ಭೂತಗನ್ನಡಿಯವರಿಗೆ, ಸವೆದ ಹೆಬ್ಬೆಟ್ಟಿನ ವಿಚಾರ

ಲಷ್ಕರ್ ಮೊಹಲ್ಲಾ, ಮೈಸೂರು
ನವೆಂಬರ್ 1958

ಊದುಬತ್ತಿ ಕಾರ್ಖಾನೆಯ ಗೇಟಿನಲ್ಲಿ ದಾರಕ್ಕೆ ಕಟ್ಟಿಸಿಕೊಂಡು ವಿರಾಜಮಾನರಾಗಿರುವ ಭೂತಗನ್ನಡಿಯವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಗಾಜಿಗೆ ಧೂಳು ತಾಗದಿರಲಿ, ತಮ್ಮ ಹಿಡಿಗೆ ತುಕ್ಕು ಹತ್ತದಿರಲಿ ಎಂದು ಮೊದಲು ಹಾರೈಸಿ, ಅಲ್ಲಿ ಕೆಲಸ ಮಾಡುವ ಪುಟ್ಟತಾಯಮ್ಮನ ಗಂಡನಾದ ನಾನು ಈ ಅರಿಕೆಯನ್ನು ಪತ್ರಿಕೆಯ ಮೂಲಕ ಮಾಡಿಕೊಳ್ಳುತ್ತಿದ್ದೇನೆ.

ಹಿಂದೆ ಒಬ್ಬಳಿಗೆ ಜ್ವರ ಬಂದರೆ ಅವಳ ನಾದಿನಿ ಅವಳದೇ ಹಾಜರಿ ಚೀಟಿ ಹಿಡಿದು ಒಳಗೆ ಹೋಗಿ ಊದುಬತ್ತಿ ಹೊಸೆಯುತ್ತಿದ್ದದ್ದು ನಿಜ. ಅದನ್ನು ತಡೆಯಲು ಮ್ಯಾನೇಜರವರು ಎಲ್ಲರಿಗೂ ಫೋಟೋ ಅಂಟಿಸಿದ ಗುರುತಿನ ಚೀಟಿ ಕೊಟ್ಟು, ಅದರ ಮೇಲೆ ಹೆಬ್ಬೆಟ್ಟು ಒತ್ತಿಸಿ, ದಿನವೂ ಗೇಟಿನಲ್ಲಿ ಇನ್ನೊಮ್ಮೆ ಒತ್ತಿಸಿ ತಾಳೆ ನೋಡಲು ತಮ್ಮನ್ನು ನೇಮಿಸಿದರು. ಮುಖ ಮೋಸ ಮಾಡೀತು, ಹೆಬ್ಬೆಟ್ಟು ಮಾಡದು ಎಂಬ ಆ ಏರ್ಪಾಟನ್ನು ನಾನೂ ಹೊಗಳಿದವನೇ.

ಆದರೆ ಚೀಟಿಗೆ ಗುರುತು ತೆಗೆದದ್ದು ದಸರಾ ರಜೆ ಮುಗಿದ ಬೆಳಿಗ್ಗೆ. ರಜೆಯಲ್ಲಿ ಸುಧಾರಿಸಿಕೊಂಡಿದ್ದ ಬೆರಳುಗಳ ಗೆರೆಗಳೆಲ್ಲ ಸ್ಪಷ್ಟವಾಗಿ ಮೂಡಿದವು. ಆಮೇಲೆ ಇದ್ದಿಲ ಹಿಟ್ಟನ್ನು ಬಿದಿರುಕಡ್ಡಿಗೆ ಒತ್ತಿ, ಮಣೆಯ ಮೇಲೆ ದಿನವಿಡೀ ಹೊಸೆದರೆ ಗೆರೆ ಎಲ್ಲಿ ಉಳಿದೀತು? ಎಲ್ಲರಿಗಿಂತ ಹೆಚ್ಚು ಹೊಸೆಯುವ ನನ್ನ ಹೆಂಡತಿಯ ಗೆರೆಯೇ ಎಲ್ಲರಿಗಿಂತ ಮೊದಲು ಅಳಿಸಿಹೋಯಿತು. ತಾವು ಅವಳನ್ನು ಬೇರೆ ಯಾರೋ ಎಂದು ತೀರ್ಮಾನಿಸಿದಿರಿ. ತಮ್ಮನ್ನು ಹಿಡಿಯುವ ಕಾವಲುಗಾರ ಬೆಟ್ಟಯ್ಯ ನಮ್ಮ ಮಗಳ ಮದುವೆಯಲ್ಲಿ ನಿಂತು ಬಡಿಸಿದವನು. ಅವನೇ, “ನೀನು ನೀನೇ ಅಂತ ನಂಗೊತ್ತು ಕಣಕ್ಕ. ಗಾಜು ಒಪ್ತಿಲ್ವಲ್ಲ, ನಾನೇನ್ ಮಾಡ್ಲಿ?” ಎಂದನಂತೆ. “ಅಂಗಾರೆ ಮನೇಲಿರೋ ಪುಟ್ಟತಾಯಿನ ಕಳಿಸ್ತೀನಿ, ಇರು” ಎಂದು ಇವಳು ವಾಪಸಾದಳು.

ಬರುವ ಸೋಮವಾರ ಗುರುತು ತಾಳೆಯಾಗದಿದ್ದರೆ ಅವಳ ಜಾಗ ಬೇರೆಯವರಿಗೆ ಎಂದು ಮ್ಯಾನೇಜರವರ ಅಪ್ಪಣೆಯಾಗಿದೆ. ಗೆರೆ ಮರಳಲೆಂದು ಅವಳು ಹೆಬ್ಬೆಟ್ಟಿಗೆ ಬೆಣ್ಣೆ ಸವರಿಕೊಂಡು ಜಗಲಿಯಲ್ಲಿ ಕೂತಿದ್ದಾಳೆ. ಪಾತ್ರೆ ಬೆಳಗುವುದು, ಮುದ್ದೆ ತೊಳಸುವುದು, ಬಟ್ಟೆ ಒಗೆಯುವುದು ನನ್ನ ಪಾಲಿಗೆ ಬಂದಿದ್ದು, “ಇನ್ನೊಂಚೂರು ಬೂದಿ ಹಾಕಿ ಉಜ್ಜಿ ಕಣ್ರೀ, ತಳ ಕರೀಗೈತೆ” ಎಂಬ ಮೇಲ್ವಿಚಾರಣೆ ಅಲ್ಲಿಂದಲೇ ನಡೆಯುತ್ತದೆ. ಕೆಲಸ ಮಾಡಿದರೆ ಅವಳು ಪುಟ್ಟತಾಯಮ್ಮನಲ್ಲ, ಸುಮ್ಮನೆ ಕೂತರೆ ಸಾಕ್ಷಾತ್ ಪುಟ್ಟತಾಯಮ್ಮ ಎಂಬ ತಮ್ಮ ಸೂಕ್ಷ್ಮ ಸಿದ್ಧಾಂತ ನನಗೆ ಪಾತ್ರೆ ಉಜ್ಜುವಾಗಲೇ ಅರ್ಥವಾದದ್ದು.

ಆದಕಾರಣ ತಾವು ದಯಮಾಡಿ ಅವಳ ಹೆಬ್ಬೆಟ್ಟಿಗೆ ಮಾತ್ರ ಕಾಯಂ ರಜೆ ಮಂಜೂರು ಮಾಡಿಸಿ, ಉಳಿದ ಪುಟ್ಟತಾಯಮ್ಮನನ್ನು ಕೆಲಸಕ್ಕೆ ಕರೆದುಕೊಳ್ಳಬೇಕು. ಅದು ಕಷ್ಟವಾದರೆ ಕಾಲಿನ ಹೆಬ್ಬೆಟ್ಟಿನ ಗುರುತು ತೆಗೆಯಬಹುದು; ಅದು ಈವರೆಗೆ ಒಂದು ಊದುಬತ್ತಿಯನ್ನೂ ಹೊಸೆದಿಲ್ಲ. ಬೆಟ್ಟಯ್ಯ ಬಗ್ಗಿ ನೋಡಬೇಕಾಗುತ್ತದೆ, ಅವನ ಸೊಂಟಕ್ಕೂ ಒಳ್ಳೆಯದು. ಇದೂ ಬೇಡವಾದರೆ ಮ್ಯಾನೇಜರವರೇ ಒಂದು ವಾರ ಮಣೆಯ ಮುಂದೆ ಕೂತು ಹೊಸೆದು, ಆಮೇಲೆ ತಮ್ಮೆದುರು ಕೈ ಚಾಚಿ “ನಾನು ಯಾರು?” ಎಂದು ಕೇಳಿ ತಿಳಿದುಕೊಳ್ಳಲಿ.

ಪಾತ್ರೆಗಳ ನಡುವಿನಿಂದ,
ತಮ್ಮ ವಿಶ್ವಾಸಿ
ನಂಜುಂಡಸ್ವಾಮಿ

ತಾ. ಕ.: ಪತ್ರ ಅಂಚೆಗೆ ಬೀಳುವ ಮೊದಲೇ ಸೋಮವಾರ ಬಂತು, ತಾವು ನನ್ನ ಹೆಂಡತಿಯನ್ನು ಗುರುತಿಸಿ ಒಳಗೆ ಬಿಟ್ಟಿರಿ, ವಂದನೆಗಳು. ಸಂಜೆ ಅವಳ ಮುಂದಿದ್ದ ಊದುಬತ್ತಿಯ ರಾಶಿ ಎಂದಿನ ಅರ್ಧವೂ ಇರಲಿಲ್ಲವಂತೆ. ಮ್ಯಾನೇಜರವರು ಕಾರಣ ಕೇಳಿದಾಗ, ಹೆಬ್ಬೆಟ್ಟನ್ನು ಮೇಲಕ್ಕೆತ್ತಿಕೊಂಡು ಉಳಿದ ಬೆರಳುಗಳಲ್ಲೇ ಹೊಸೆಯುತ್ತಿದ್ದ ಇವಳು, “ನಾಳೀಕೂ ನಾನೇ ಬರ್ಬೇಕಲ್ಲ ಸ್ವಾಮಿ” ಎಂದಳಂತೆ. ಮಂಗಳವಾರದಿಂದ ಸಾಲಿನ ಹೆಂಗಸರೆಲ್ಲ ಹೆಬ್ಬೆಟ್ಟು ಎತ್ತಿಕೊಂಡೇ ಹೊಸೆಯುತ್ತಿದ್ದಾರೆ. ಗುರುತಂತೂ ಎಲ್ಲರದೂ ಅಚ್ಚುಕಟ್ಟಾಗಿ ತಾಳೆಯಾಗುತ್ತಿದೆ. ಅಂಗಡಿಗಳಿಗೆ ಕಳಿಸಲು ಊದುಬತ್ತಿ ಇಲ್ಲ, ಅಷ್ಟೆ.