ಕಚೇರಿ ವೇಳೆಯಲ್ಲಿ ತಲೆಗೆ ಲೋಳೆಸರ ಹಚ್ಚಿಕೊಳ್ಳುವ ಬಗ್ಗೆ

ಸುತ್ತೋಲೆ

ಸಂಖ್ಯೆ: ಆಡಳಿತ/ಶಿರೋ/ಲೋ.ಸ./೧೭
(ಇದೇ ವಿಷಯದ ೧ರಿಂದ ೧೬ರವರೆಗಿನ ಸುತ್ತೋಲೆಗಳು ಲೋಳೆಸರ ಹೀರಿಕೊಂಡು ಓದಲಾಗದ ಸ್ಥಿತಿಗೆ ಬಂದಿರುವುದರಿಂದ ಅವುಗಳನ್ನು ರದ್ದುಪಡಿಸಲಾಗಿದೆ.)

ವಿಷಯ: ಕೂದಲಿನ ಆರೈಕೆಗೂ ಮೈಯ ಸ್ವಚ್ಛತೆಗೂ ಸಿಬ್ಬಂದಿಯು ನೈಸರ್ಗಿಕ ಪದಾರ್ಥಗಳಿಗೆ ಬದಲಾಗಿರುವುದು, ಅದರಿಂದ ಕಚೇರಿಗೆ ಒದಗಿರುವ ಸ್ಥಿತಿ ಮತ್ತು ಟಪಾಲು ಅಕ್ಕ ಅವರ ವರ್ಗಾವಣೆ ಕೋರಿಕೆಯ ಇತ್ಯರ್ಥದ ಕುರಿತು.

ಉಲ್ಲೇಖ:
(ಅ) ನೆಲಮಾಳಿಗೆಯ ದಾಖಲೆ ಕೊಠಡಿಗೆ ವರ್ಗ ಕೋರಿ ಟಪಾಲು ಅಕ್ಕ ಸಲ್ಲಿಸಿರುವ ಅರ್ಜಿ.
(ಆ) ಜೀಪು ಚಾಲಕರ ಅಜ್ಜಿ ನೀಡಿರುವ ಮೌಖಿಕ ಸಲಹೆಗಳು, ಒಟ್ಟು ಒಂಬತ್ತು.
(ಇ) ಹಾಜರಾತಿ ಯಂತ್ರದ ವರದಿ. ಇದರ ಪ್ರಕಾರ ಕಳೆದ ಗುರುವಾರ ಈ ಕಚೇರಿಯಲ್ಲಿ ಯಾರೂ ಇರಲಿಲ್ಲ.

ಪ್ರಸ್ತಾವನೆ:

ಎರಡನೇ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಬರುವ ಕಾಗದ ಬರಮಾಡಿಕೊಂಡು, ಹೋಗುವ ಕಾಗದ ಕಳುಹಿಸಿಕೊಡುತ್ತಿರುವ ಹಿರಿಯ ಗುಮಾಸ್ತರನ್ನು ಇಡೀ ಕಚೇರಿ ಟಪಾಲು ಅಕ್ಕ ಎಂದೇ ಕರೆಯುತ್ತದೆ. ಸದರಿಯವರು ಕೆಲವು ತಿಂಗಳ ಹಿಂದೆ ಟೈಫಾಯ್ಡ್ ಜ್ವರದಿಂದ ಮಲಗಿದ್ದರು. ಜ್ವರ ಬಿಟ್ಟು ಹೋಯಿತು, ಆದರೆ ಹಿಂದೆಯೇ ತಲೆಗೂದಲೂ ಹೊರಟಿತು. ಅವರು ತಲೆಗೆ ವಸ್ತ್ರ ಕಟ್ಟಿಕೊಂಡು ಕೆಲಸಕ್ಕೆ ಬಂದರು. ಮೊದಲ ಸೋಮವಾರವೇ, ಬಿದ್ದ ಮೊಹರನ್ನು ಎತ್ತಿಕೊಳ್ಳಲು ಬಗ್ಗಿದಾಗ ವಸ್ತ್ರ ಜಾರಿತು. ಸಾಲಿನಲ್ಲಿದ್ದವರೊಬ್ಬರು ತಮ್ಮ ಕಾಗದ ಕೊಡುವುದನ್ನೂ ಮರೆತು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ನಿಂತರು.

ಅಂದೇ ಮಧ್ಯಾಹ್ನ ಅರ್ಜಿ ಬಂತು. ಕೂದಲು ಬರುವವರೆಗೆ ಅಥವಾ ನಿವೃತ್ತಿಯವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ತಮ್ಮನ್ನು ದಾಖಲೆ ಕೊಠಡಿಗೆ ಹಾಕಬೇಕೆಂದು ಅದರಲ್ಲಿ ಕೋರಲಾಗಿದೆ. ಆ ಕೊಠಡಿಗೆ ಕಿಟಕಿ ಇಲ್ಲ, ಇರುವುದೊಂದು ಬಲ್ಬು, ಕಡತ ಎಳೆದರೆ ಅರ್ಧ ಗಂಟೆ ಕೆಮ್ಮು. ಅರ್ಜಿ ಓದಿದ ಅಧೀಕ್ಷಕರು ಅದರ ಮೇಲೆ ಯಾವ ಆದೇಶವನ್ನೂ ಬರೆಯದೆ ಕಡತದ ಅಡಿಗೆ ಸೇರಿಸಿಟ್ಟರೆಂಬುದನ್ನು ದಾಖಲಿಸಲಾಗಿದೆ.

ಕೂದಲು ತಾನಾಗಿಯೇ ಬರುತ್ತದೆ, ಸುಮ್ಮನಿರಿ ಎಂದು ವೈದ್ಯರು ಹೇಳಿದ್ದರು. ಸುಮ್ಮನಿರುವುದು ಈ ಕಚೇರಿಯವರಿಗೆ ಗೊತ್ತಿಲ್ಲ. ಮರುದಿನವೇ ಜೀಪು ಚಾಲಕರು ತಮ್ಮ ಅಜ್ಜಿಯ ಸಲಹೆಯಂತೆ ಒಂದು ಡಬ್ಬಿ ಲೋಳೆಸರ ತಂದರು. ಟಪಾಲು ಅಕ್ಕ ಅದನ್ನು ಮೂಸಿ ನೋಡಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಕೊಡಲಾಗಿದೆ: "ನಾನೊಬ್ಬಳೇ ಇದನ್ನ ಬಳ್ಕೊಂಡು ಗೊಂಬೆ ಥರ ಕೂತ್ಕೋಬೇಕಾ? ನೀವೆಲ್ಲ ಹಚ್ಕೊಳ್ಳಿ, ಆಮೇಲೆ ನನಗೆ ಹೇಳಿ."

ಎಲ್ಲರೂ ಹಚ್ಚಿಕೊಂಡರು. ಅಧೀಕ್ಷಕರೂ ಹಚ್ಚಿಕೊಂಡರು. ಅನಂತರದ ನಾಲ್ಕು ವಾರಗಳಲ್ಲಿ ನಡೆದದ್ದನ್ನು ಪರಿಗಣಿಸಿ, ಈ ಮೂಲಕ ಎಲ್ಲರಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ಲೋಳೆಸರವನ್ನು ಖಾಲಿ ಗೋಂದಿನ ಬಾಟಲಿಯಲ್ಲಿ ತುಂಬಿಡುವುದನ್ನು ನಿಷೇಧಿಸಲಾಗಿದೆ. ಬಾಟಲಿಗೆ ಕುಂಚವಿದೆ, ನೆತ್ತಿಗೆ ಹಚ್ಚಲು ಅನುಕೂಲ ಎಂಬ ವಾದವನ್ನು ಒಪ್ಪಲಾಗದು. ಈ ಅನುಕೂಲದಿಂದಾಗಿ ನಲವತ್ಮೂರು ಲಕೋಟೆಗಳಿಗೆ ಲೋಳೆಸರ ಬಳಿದು ಕಳುಹಿಸಲಾಗಿದ್ದು, ಅಷ್ಟೂ ದಾರಿಯಲ್ಲಿ ಬಾಯಿ ತೆರೆದುಕೊಂಡಿವೆ. ಅತ್ತ ಬೆರಳಚ್ಚುಗಾರ್ತಿಯವರು ನಿಜವಾದ ಗೋಂದನ್ನು ತಲೆಗೆ ತಿಕ್ಕಿಕೊಂಡಿದ್ದಾರೆ. ಅವರ ಹೇಳಿಕೆ: "ಬಾಚಣಿಗೆ ಒಳಗೆ ಹೋಯ್ತು ಸಾರ್, ಆಚೆ ಬರ್ಲೇ ಇಲ್ಲ. ನಮ್ಮತ್ತೆ ಎರಡು ದಿನ ಅದನ್ನ ಹೊಸ ಫ್ಯಾಶನ್ನು ಅಂದ್ಕೊಂಡು ಮಾತೇ ಬಿಟ್ಟಿದ್ರು." ಇನ್ನು ಮುಂದೆ ಗೋಂದಿಗೆ ಕೆಂಪು ಚೀಟಿ, ಲೋಳೆಸರಕ್ಕೆ ಹಸಿರು ಚೀಟಿ ಅಂಟಿಸತಕ್ಕದ್ದು. ಈಗಾಗಲೇ ಅಂಟಿಸಿದ್ದ ಚೀಟಿಗಳು ಉದುರಿರುವುದನ್ನು ನೋಡಿದರೆ ಅವನ್ನು ಯಾವುದರಿಂದ ಅಂಟಿಸಲಾಗಿತ್ತೆಂದು ಊಹಿಸಬಹುದಾಗಿದೆ.

೨. ಹಾಜರಾತಿ ಯಂತ್ರವು ಲೋಳೆಯಾದ ಬೆರಳುಗಳನ್ನು ಗುರುತಿಸಲು ನಿರಾಕರಿಸಿದೆ. ಆದ್ದರಿಂದ ಬೆರಳು ಒತ್ತುವ ಮುನ್ನ, ಸಾಬೂನಿನ ಬದಲಿಗೆಂದು ಕೈ ತೊಳೆಯುವ ತೊಟ್ಟಿಯ ಬಳಿ ಇಟ್ಟಿರುವ ಕಡಲೆಹಿಟ್ಟಿನಿಂದ ಕೈ ತಿಕ್ಕಿ, ತೊಳೆದು, ಒರೆಸತಕ್ಕದ್ದು. ಹಿಟ್ಟು ತಿಕ್ಕಿಕೊಂಡು, ತೊಳೆಯದೆ ಹಾಗೆಯೇ ಒತ್ತುವುದನ್ನು ನಿಷೇಧಿಸಿದೆ. ಯಂತ್ರದೊಳಗೆ ಹಿಟ್ಟು ಸೇರಿ, ಅದು ಈಗ ಜೀಪು ಚಾಲಕರನ್ನು ಬೆರಳಚ್ಚುಗಾರ್ತಿ ಎಂದು ಸ್ವಾಗತಿಸುತ್ತಿದೆ.

೩. ನೆನೆಸಿದ ಮೆಂತ್ಯವನ್ನು ಅರೆದೇ ಹಚ್ಚಿಕೊಳ್ಳತಕ್ಕದ್ದು. ಅರೆಯಲು ಬೇಸರವೆಂದು ಇಡೀ ಕಾಳನ್ನೇ ತಲೆಗೆ ಮೆತ್ತಿ, ಮೇಲೆ ಒದ್ದೆ ಟವೆಲು ಸುತ್ತಿ, ಎರಡು ದಿನ ಹಾಗೆಯೇ ಬಿಟ್ಟ ಜೀಪು ಚಾಲಕರ ಹೇಳಿಕೆ ಹೀಗಿದೆ: "ಟವೆಲ್ ಬಿಚ್ಚಿದ್ರೆ ಮೊಳಕೆ ಬಂದಿತ್ತು ಸಾರ್. ನನ್ ಹೆಂಡ್ತಿ ಬಾಗಿಲಲ್ಲೇ ನಿಲ್ಸಿ, ಮೊದ್ಲು ನೀರು ಹಾಕ್ಬೇಕಾ, ಬೇಡ್ವಾ ಹೇಳಿ ಅಂದ್ಲು." ಕಚೇರಿ ವೇಳೆಯಲ್ಲಿ ಸಹೋದ್ಯೋಗಿಯ ತಲೆಯಿಂದ ಮೊಳಕೆ ಕೀಳಲು ಲಿಖಿತ ಅನುಮತಿ ಪಡೆಯತಕ್ಕದ್ದು. ಅಂತಹ ಮೊಳಕೆಯನ್ನು ಊಟದ ಡಬ್ಬಿಗೆ ಹಾಕಿಕೊಳ್ಳಲು ಯಾವ ಅನುಮತಿಯೂ ಸಿಗುವುದಿಲ್ಲ.

೪. ಇದ್ದಿಲ ಪುಡಿಯಲ್ಲಿ ಹಲ್ಲುಜ್ಜಿ ಬರುವವರು ಬೆಳಿಗ್ಗೆ ಹನ್ನೊಂದರವರೆಗೆ ಸಾರ್ವಜನಿಕರೆದುರು ತುಟಿ ಮುಚ್ಚಿ ನಗತಕ್ಕದ್ದು. ಅದಕ್ಕೂ ಮೊದಲು ನಗು ತಡೆಯಲಾಗದಿದ್ದಲ್ಲಿ ಕಡತ ಅಡ್ಡ ಹಿಡಿಯತಕ್ಕದ್ದು.

೫. ಬೆವರಿನ ವಾಸನೆಗೆಂದು ಕಂಕುಳಿಗೆ ಉಜ್ಜಿಕೊಂಡ ನಿಂಬೆಹೋಳನ್ನು ಚಹಾದ ತಟ್ಟೆಯ ಬಳಿ ಇಡಬಾರದು. ಇದನ್ನು ಬರೆದು ತಿಳಿಸಬೇಕಾಗಿ ಬಂದದ್ದಕ್ಕೆ ಕಚೇರಿಯು ವಿಷಾದಿಸುತ್ತದೆ. ತಪಾಸಣೆಗೆ ಬಂದಿದ್ದ ಮೇಲಧಿಕಾರಿಗಳು ಅಂದಿನ ನಿಂಬೆ ಚಹಾವನ್ನು ಲಿಖಿತವಾಗಿ ಶ್ಲಾಘಿಸಿರುತ್ತಾರೆ. ಈ ಬಗ್ಗೆ ಯಾರೂ, ನಿವೃತ್ತಿಯ ನಂತರವೂ, ಬಾಯಿ ಬಿಡಕೂಡದು.

೬. ಇಷ್ಟೆಲ್ಲ ಆದರೂ ಟಪಾಲು ಅಕ್ಕ ಅವರ ತಲೆಯಲ್ಲಿ ಈವರೆಗೆ ಏನೂ ಬಂದಿರುವುದಿಲ್ಲ. ಚಾಲಕರ ಮೊಳಕೆ ನೋಡಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದು ನಿಜ. ಅದನ್ನೇ ಪ್ರಗತಿಯೆಂದು ನಂಬಿದ್ದು ಕಚೇರಿಯ ತಪ್ಪು. ನಿನ್ನೆ, ಆದೇಶಕ್ಕೂ ಕಾಯದೆ, ಅವರ ಕುರ್ಚಿಯ ದಿಂಬು, ದಿನಾಂಕದ ಮೊಹರು, ಕನ್ನಡಕದ ಡಬ್ಬಿ ಮೂರೂ ಒಂದು ಪೆಟ್ಟಿಗೆ ಸೇರಿ ನೆಲಮಾಳಿಗೆಗೆ ಇಳಿದಿವೆ. ಮೆಟ್ಟಿಲ ಬಳಿ ತಡೆದು, ಇನ್ನೊಂದು ವಾರ ನೋಡೋಣ, ನಾವೆಲ್ಲ ನಿಮ್ಮ ಜೊತೆಗೇ ಹಚ್ಚಿಕೊಳ್ಳುತ್ತಿಲ್ಲವೇ ಎಂದು ಅಧೀಕ್ಷಕರು ಕೇಳಿದ್ದಕ್ಕೆ ಬಂದ ಉತ್ತರ: "ನಿಮ್ಮೆಲ್ಲರ ಪ್ರೀತಿ ದೊಡ್ಡದು ಸಾರ್. ಆದ್ರೆ ಸಂಜೆ ತೊಳ್ಕೊಂಡ್ಮೇಲೆ ನಿಮ್ಮ ತಲೇಲಿ ಕೂದ್ಲು ಇರತ್ತೆ."

ಇದಕ್ಕೆ ಉತ್ತರ ಕೊಡಲು ಅಧೀಕ್ಷಕರು ಒಂದು ದಿನದ ಕಾಲಾವಕಾಶ ಕೋರಿದ್ದರು. ಉತ್ತರವನ್ನು ಮುಂದಿನ ಕಲಮಿನಲ್ಲಿ ನೀಡಲಾಗಿದೆ.

೭. ಅಧೀಕ್ಷಕರ ತಲೆಯ ಮೇಲಿರುವ ಕೂದಲು ಅಧೀಕ್ಷಕರದಲ್ಲ.

ಅದು ವಿಗ್ಗು. ಹನ್ನೊಂದು ವರ್ಷಗಳಿಂದ ಅದೇ ಇದೆ. ಈ ಸಂಗತಿ ಅವರ ಪತ್ನಿಯನ್ನು ಬಿಟ್ಟು ಮತ್ತಾರಿಗೂ ತಿಳಿದಿರಲಿಲ್ಲ. ಫ್ಯಾನಿನ ಕೆಳಗೆ ಅವರು ಎಂದೂ ಕೂರದಿರುವುದಕ್ಕೂ, ಸಿಬ್ಬಂದಿಯ ದೋಣಿ ವಿಹಾರದ ದಿನ ಪ್ರತಿ ವರ್ಷ ತಪ್ಪದೆ ಹೊಟ್ಟೆನೋವು ಬರುವುದಕ್ಕೂ ಇದೇ ಕಾರಣ. ನಾಲ್ಕು ವಾರ ಎಲ್ಲರೊಡನೆ ಅವರು ಶ್ರದ್ಧೆಯಿಂದ ಹಚ್ಚಿಕೊಂಡ ಲೋಳೆಸರವು ಯಾವ ಬೇರಿಗೂ ತಲುಪಿರುವುದಿಲ್ಲ. ಜನ ನೋಡಿಬಿಟ್ಟರೆ ಎಂಬ ಭಯ ಎಂಥದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಗೊತ್ತಿದ್ದೂ ಟಪಾಲು ಅಕ್ಕ ಅವರ ಎದುರು ನಾಲ್ಕು ವಾರ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವರಿಗೆ ನಾಚಿಕೆಯಾಗಿದೆ.

ಇಂದು ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಅಧೀಕ್ಷಕರು ಸದರಿ ವಿಗ್ಗನ್ನು ತೆಗೆದು ಮೇಜಿನ ಡ್ರಾಯರಿಗೆ ಹಾಕಿ, ಖಾಲಿ ಇದ್ದ ಎರಡನೇ ಕೌಂಟರಿನಲ್ಲಿ ಕುಳಿತು ಕಾಗದ ಬರಮಾಡಿಕೊಂಡಿದ್ದಾರೆ. ಮೂವರು ಎವೆಯಿಕ್ಕದೆ ನೋಡಿದರು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ಸೆಕೆಗೆ ಒಳ್ಳೇದು ಬಿಡಪ್ಪ, ಸೀಲ್ ಹಾಕು ಬೇಗ" ಎಂದರು. ಮಧ್ಯಾಹ್ನದೊಳಗೆ ಐವತ್ತೆರಡು ಕಾಗದಗಳು ಬಂದಿದ್ದು, ತಲೆಯ ಕಾರಣಕ್ಕೆ ಒಬ್ಬರೂ ಕಾಗದ ವಾಪಸು ತೆಗೆದುಕೊಂಡು ಹೋಗಿರುವುದಿಲ್ಲ. ಐವತ್ತೆರಡರಲ್ಲಿ ಮೂವತ್ತನ್ನು ಅಧೀಕ್ಷಕರು ತಪ್ಪು ಪುಸ್ತಕದಲ್ಲಿ ದಾಖಲಿಸಿದ್ದಾರೆ. ಆ ಕೆಲಸ ಅವರಿಂದಾಗದು.

೮. ಆದುದರಿಂದ, ನೈಸರ್ಗಿಕ ಪರ್ಯಾಯಗಳ ಪೈಕಿ ಏನನ್ನೂ ಹಚ್ಚದೆ, ಏನನ್ನೂ ಮುಚ್ಚದೆ ಇರುವುದನ್ನೂ ಒಂದು ಪರ್ಯಾಯವೆಂದು ಈ ಕಚೇರಿಯು ಮಾನ್ಯ ಮಾಡಿದೆ. ವಸ್ತ್ರ ಕಟ್ಟುವುದು, ಬಿಡುವುದು ಅವರವರ ಇಷ್ಟ. ಉಲ್ಲೇಖ (ಅ)ರ ಅರ್ಜಿಯನ್ನು ತಿರಸ್ಕರಿಸಲಾಗಿದೆ. ನೆಲಮಾಳಿಗೆಗೆ ಹೋದ ಪೆಟ್ಟಿಗೆಯನ್ನು ಜೀಪು ಚಾಲಕರು ಈ ಕೂಡಲೇ ಮೇಲೆ ತರತಕ್ಕದ್ದು. ಎರಡನೇ ಕೌಂಟರಿನಲ್ಲಿ ಇನ್ನು ಎರಡು ಕುರ್ಚಿಗಳಿರುತ್ತವೆ. ಟಪಾಲು ಅಕ್ಕ ಬೇಡವೆನ್ನುವವರೆಗೆ ಎರಡನೆಯದರಲ್ಲಿ ಅಧೀಕ್ಷಕರು ದಿನಕ್ಕೊಂದು ಗಂಟೆ, ಈಗಿರುವ ತಲೆಯಲ್ಲೇ, ಕುಳಿತಿರತಕ್ಕದ್ದು. ನೋಡುವವರು ಇಬ್ಬರನ್ನೂ ಒಟ್ಟಿಗೆ ನೋಡಿಕೊಳ್ಳಬಹುದಾಗಿದೆ.

ಸಹಿ/-
ಅಧೀಕ್ಷಕರು
(ಫ್ಯಾನಿನ ಕೆಳಗೆ ಕುಳಿತು ಸಹಿ ಮಾಡಲಾಗಿದೆ)

ಪ್ರತಿಗಳು:
೧. ಬೆರಳಚ್ಚುಗಾರ್ತಿಯವರಿಗೆ: ಕೈ ತೊಳೆದುಕೊಂಡು ಓದಲು.
೨. ಜೀಪು ಚಾಲಕರ ಅಜ್ಜಿಯವರಿಗೆ: ಒಂಬತ್ತು ಸಲಹೆಗಳಿಗೆ ಕೃತಜ್ಞತೆಗಳೊಂದಿಗೆ. ಹತ್ತನೆಯದು ಸದ್ಯಕ್ಕೆ ಬೇಡ.
೩. ಸೂಚನಾ ಫಲಕಕ್ಕೆ: ಗೋಂದಿನಿಂದ ಅಂಟಿಸುವುದು. ಅಂಟಿಸುವ ಮುನ್ನ ಮೂಸಿ ನೋಡುವುದು.
೪. ಅಧೀಕ್ಷಕರ ಪತ್ನಿಯವರಿಗೆ: ನಾಳೆಯಿಂದ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲಿಸಿ, ವಿಗ್ಗು ಹಿಂದೆ ಸರಿಯಾಗಿ ಕೂತಿದೆಯೇ ಎಂದು ನೋಡುವ ಅಗತ್ಯವಿಲ್ಲವೆಂಬ ಮಾಹಿತಿಗಾಗಿ.
೫. ಟಪಾಲು ಅಕ್ಕ ಅವರಿಗೆ: ಪ್ರತ್ಯೇಕ ಪ್ರತಿ ಇಲ್ಲ. ಮೇಲಿನ ನಾಲ್ಕೂ ಪ್ರತಿಗಳನ್ನು ರವಾನಿಸಬೇಕಾದವರು ಅವರೇ. ರವಾನೆಯ ಕೆಲಸ ಎರಡನೇ ಕೌಂಟರಿನಲ್ಲಿ ಮಾತ್ರ ನಡೆಯುತ್ತದೆ, ಮತ್ತು ಅಧೀಕ್ಷಕರು ಅಲ್ಲಿ ಕಾಯುತ್ತಿದ್ದಾರೆ.