ಗೋಬರ್ ಗ್ಯಾಸ್ ಅಮ್ಮಣಿಯ ಪಾಡು

ಹೊಟ್ಟೆ ಇರುವ ಕಡೆ ಒಂದಲ್ಲ ಒಂದು ಫಜೀತಿ ಇದ್ದೇ ಇರುತ್ತದೆ. ನನ್ನ ಕೆಲಸವೋ, ಬರೀ ಹೊಟ್ಟೆಗಳ ಜೊತೆ. ಕೊಯಮತ್ತೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾವು ಗೋಬರ್ ಗ್ಯಾಸ್ ಟ್ಯಾಂಕ್ ಮಾಡುತ್ತೇವೆ. ಮನೆಯ ಮುಸುರೆ, ಹೋಟೆಲಿನ ಎಂಜಲು, ಸಂತೆಯಲ್ಲಿ ಕೊಳೆತ ತರಕಾರಿ, ಏನು ಹಾಕಿದರೂ ಟ್ಯಾಂಕ್ ತಿಂದು ಅರಗಿಸಿಕೊಂಡು ಒಲೆಗೆ ಗ್ಯಾಸನ್ನೂ ಗಿಡಕ್ಕೆ ಗೊಬ್ಬರವನ್ನೂ ಕೊಡುತ್ತದೆ. ಅದರ ಹೊಟ್ಟೆ ಕೆಟ್ಟರೆ ಸ್ಕೂಟರ್ ಹತ್ತಿ ಹೋಗುವವಳು ನಾನು, ಹೆಂಗಸರನ್ನು ಅಮ್ಮಣಿ ಎಂದೇ ಕರೆಯುವ ಈ ಸೀಮೆಯವರಿಗೆ ‘ಗೋಬರ್ ಗ್ಯಾಸ್ ಅಮ್ಮಣಿ’.

ಹೊಸ ಮನೆಗೆ ಹೋದರೆ ಬಾಗಿಲು ತೆಗೆದವರು ಮೊದಲು ನನ್ನ ಬೆನ್ನ ಹಿಂದೆ ನೋಡುತ್ತಾರೆ.

“ಮೆಕ್ಯಾನಿಕ್ ಬರಲಿಲ್ವಾ?”

“ನಾನೇ ಮೆಕ್ಯಾನಿಕ್.”

“ಓಹೋ, ಸರಿ ಸರಿ. ಅವರು ಬರೋ ತನಕ ಒಳಗೆ ಕೂತ್ಕೊಳ್ಳಿ.”

ಹುಳಿತೇಗು

ನಾವು ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಧಾರಾಪುರಂ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಹಾಗೆಯೇ ಕನ್ನಡ ಮಾತಾಡುವ ಒಕ್ಕಲಿನ ಮನೆ. ಆ ಮನೆಯ ಸೊಸೆ ಫೋನ್ ಮಾಡಿದಳು. “ಅಕ್ಕಾ, ಮೂರು ದಿನದಿಂದ ಒಲೆ ಹತ್ತುತಾ ಇಲ್ಲ. ಸಿಲಿಂಡರ್ ಬೇರೆ ವಾಪಸ್ ಕೊಟ್ಟುಬಿಟ್ಟಿದೀವಿ. ಸೌದೆ ಒಲೆ ಊದಿ ಊದಿ ಕಣ್ಣೆಲ್ಲ ಉರಿ.”

ಹೋಗಿ ಮುಚ್ಚಳ ತೆಗೆದರೆ ಗಪ್ಪನೆ ಹುಳಿ ವಾಸನೆ. ವಿಚಾರಿಸಿದೆ. ಸೊಸೆ ನಿಂಬೆಕಾಯಿ ಉಪ್ಪಿನಕಾಯಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳಂತೆ. ಆ ವಾರ ಕೊಳೆತ ನಿಂಬೆಹಣ್ಣು ಮೂರು ಬುಟ್ಟಿ ಬಂದಿತ್ತು, ಅಷ್ಟನ್ನೂ ಟ್ಯಾಂಕಿಗೆ ಸುರಿದಿದ್ದಳು. ಒಳಗೆ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ ಅಷ್ಟು ಹುಳಿ ತಡೆಯುವುದಿಲ್ಲ. ನಾನು ಬಣ್ಣ ಬದಲಾಗುವ ಕಾಗದ ಅದ್ದಿ ನೋಡಿದೆ, ಪುಸ್ತಕದಲ್ಲಿ ಬರೆದುಕೊಂಡೆ, ನಮ್ಮ ವರ್ಕ್‌ಶಾಪಿನ ಮಾಲೀಕರಿಗೆ ಫೋನ್ ಮಾಡಿದೆ. “ತೊಂದರೆ ದೊಡ್ಡದೇ. ನಾಡಿದ್ದು ಕಾಲೇಜಿನ ಪ್ರೊಫೆಸರ್ ಒಬ್ಬರನ್ನು ಕರಕೊಂಡು ಬರ್ತೀನಿ” ಎಂದರು.

ಜಗಲಿಯ ಮೇಲೆ ಅಜ್ಜಿ ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಎಲ್ಲ ಕೇಳಿಸಿಕೊಂಡಿದ್ದರು.

“ಏನು ಅಮ್ಮಣಿ, ಅದಕ್ಕೆ ಹುಳಿತೇಗಾ?”

“ಹೆಚ್ಚೂಕಡಿಮೆ ಹಾಗೇ ಅಜ್ಜಿ.”

“ಅದಕ್ಕೆ ಕಾಲೇಜಿನವರು ಯಾಕೆ? ಸುಣ್ಣ ಕೊಡು.”

ನನಗೆ ನಾಚಿಕೆಯಾಯಿತು. ಹುಳಿ ತಗ್ಗಿಸಲು ಸುಣ್ಣದ ತಿಳಿ ಹಾಕಬೇಕು ಅಂತ ನಾನೂ ಓದಿದ್ದೆ, ಫೋನಿನ ಗಡಿಬಿಡಿಯಲ್ಲಿ ಮರೆತಿದ್ದೆ. ಗೋಡೆಗೆ ಬಳಿಯಲು ತಂದಿಟ್ಟ ಸುಣ್ಣ ಮನೆಯಲ್ಲೇ ಇತ್ತು. ಸ್ವಲ್ಪ ಕಲಸಿ ಹಾಕಿದೆ, ಪ್ರೊಫೆಸರ್ ಬೇಡವೆಂದು ಮಾಲೀಕರಿಗೆ ತಿಳಿಸಿದೆ, ದಿನಾ ಇಷ್ಟಿಷ್ಟೇ ಸುಣ್ಣ ಹಾಕುತ್ತಿರಿ, ನಿಂಬೆ ಮಾತ್ರ ಬೇಡ ಎಂದು ಮನೆಯವರಿಗೆ ಹೇಳಿ ಬಂದೆ. ವಾರ ಕಳೆದು ಹೋದರೆ ಒಲೆಯಲ್ಲಿ ನೀಲಿ ಉರಿ, ಸೊಸೆಯ ಮುಖದಲ್ಲಿ ನಗು. ಆದರೆ ಟ್ಯಾಂಕಿನ ಬಾಯಲ್ಲಿ ಏನೋ ಹಸಿರು ಹಸಿರು ತೇಲುತ್ತಿತ್ತು.

“ಅಜ್ಜಿ, ಇದೇನು?”

“ಬರೀ ಸುಣ್ಣ ಕೊಟ್ಟರೆ ಬಾಯಿ ಬೇಯೋದಿಲ್ವಾ ಅಮ್ಮಣಿ? ಜೊತೆಗೆ ದಿನಾ ನಾಲ್ಕು ಎಲೆ, ಒಂದು ಚೂರು ಅಡಿಕೆಯನ್ನೂ ಹಾಕಿದೀನಿ.”

ಇನ್ನು ಸಾಕು

ಕಡಲೆಕಾಯಿ ಸಿಪ್ಪೆಯನ್ನು ಪುಡಿ ಮಾಡಿ, ಒತ್ತಿ, ಸೌದೆಯ ಹಾಗೆ ಉರಿಯುವ ಗಟ್ಟಿ ಉಂಡೆ ಮಾಡುವ ಯಂತ್ರವೊಂದನ್ನೂ ನಮ್ಮ ಮಾಲೀಕರು ಇಟ್ಟಿದ್ದರು. ತಿರುಪ್ಪೂರಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಬಾಯ್ಲರಿಗೆ ಅದು ಹೋಗುತ್ತದೆ. ಯಂತ್ರ ನೋಡಿಕೊಳ್ಳಲು ದಾವಣಗೆರೆ ಕಡೆಯ ಹುಡುಗ ಎಂಜಿನಿಯರ್ ಒಬ್ಬ ಹೊಸದಾಗಿ ಬಂದ. ತಮಿಳು ಒಂದಕ್ಷರ ಬಾರದು. ಆದರೂ ಧೈರ್ಯವಂತ. “ಮೇಡಂ, ಎರಡೂ ಅಕ್ಕತಂಗಿ ಭಾಷೆ ಅಲ್ಲವಾ, ನಡೆಯುತ್ತೆ” ಎಂದ.

ಮೊದಲ ದಿನ ಸಿಪ್ಪೆಯ ಲಾರಿ ಬಂತು. ಹಮಾಲರು ಚೀಲ ಇಳಿಸಿ ಯಂತ್ರದ ಪಕ್ಕದಲ್ಲಿ ಒಟ್ಟುತ್ತಿದ್ದರು. ನಾನು ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಎಂಜಿನಿಯರೇ ಕಾಣಿಸಲಿಲ್ಲ. ಚೀಲಗಳ ಗೋಡೆಯ ಆಚೆಯಿಂದ ಕೂಗು ಮಾತ್ರ ಕೇಳುತ್ತಿತ್ತು.

“ಸಾಕು! ಇನ್ನು ಸಾಕು! ಇನ್ನು ಸಾಕು!”

“ಸರಿಂಗ ಸಾರ್!” ಎಂದು ಹಮಾಲರು ಓಡಿ ಓಡಿ ಇನ್ನಷ್ಟು ತರುತ್ತಿದ್ದರು.

ನಾನು ಹೋಗಿ “ಪೋದುಂ” ಎಂದೆ. ಎಲ್ಲರೂ ನಿಂತರು. ಚೀಲ ಸರಿಸಿ ಹೊರಗೆಳೆದಾಗ ಹುಡುಗನ ತಲೆ ತುಂಬ ಕಡಲೆ ಹೊಟ್ಟು. ತಮಿಳಿನಲ್ಲಿ ‘ಸಾಕ್ಕು’ ಎಂದರೆ ಗೋಣಿಚೀಲ, ‘ಇನ್ನುಂ’ ಎಂದರೆ ಇನ್ನಷ್ಟು, ನಮ್ಮ ಸಾಕಿಗೆ ಅವರು ‘ಪೋದುಂ’ ಅನ್ನುತ್ತಾರೆ ಎಂದು ಬಿಡಿಸಿ ಹೇಳಿದೆ. ಹಮಾಲರ ಮೇಸ್ತ್ರಿ ಬೆವರು ಒರೆಸಿಕೊಂಡು, ಪಾಪ, ನನ್ನ ಹತ್ತಿರವೇ ದೂರಿದ. “ಸಾರ್ ಒಳ್ಳೆಯವರು ಅಮ್ಮಣಿ, ಆದರೆ ಆಸೆ ಸ್ವಲ್ಪ ಜಾಸ್ತಿ.”

ಮಾಸ್ಟರಿಗೆ ಬಂದ ಸಿಟ್ಟು

ತಿರುಪ್ಪೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ದೊಡ್ಡ ಟ್ಯಾಂಕ್ ಇದೆ. ಎಲೆಯಲ್ಲಿ ಮಿಕ್ಕ ಅನ್ನ, ಪಲ್ಯ ಎಲ್ಲ ಅದಕ್ಕೆ. ಅದರ ಗ್ಯಾಸ್ ಕಾಫಿ ಒಲೆಗೆ. ಮದುವೆ ತಿಂಗಳಲ್ಲಿ ಒಮ್ಮೆ ಹೋದಾಗ ಗ್ಯಾಸ್ ತುಂಬುವ ಬಲೂನು ಬಸುರಿಯ ಹಾಗೆ ಉಬ್ಬಿತ್ತು. ನಾನು ಸಂತೋಷ ತಡೆಯಲಾರದೆ ಮಂಟಪದ ಯಜಮಾನರಿಗೆ, “ಹೋದ ವಾರದ ಮದುವೆಗಳಿಂದ ಎಂಥ ಚೆಂದದ ಗ್ಯಾಸ್ ಬಂದಿದೆ ನೋಡಿ!” ಎಂದೆ.

ಪಕ್ಕದಲ್ಲಿ ಅಡುಗೆ ಮಾಸ್ಟರ್ ಇದ್ದರು. ಸೌಟು ಕೆಳಗಿಟ್ಟರು. “ಅಂದರೆ ಜನ ನನ್ನ ಅಡುಗೆ ತಿನ್ನದೆ ಬಿಟ್ಟು ಹೋದರು ಅಂತ ತಾನೇ?”

ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ. ಮುಂದಿನ ಮದುವೆಯಿಂದ ಅವರೇ ಪಂಕ್ತಿಗೆ ಇಳಿದರು. ಕೇಳದೆ ಯಾರಿಗೂ ಬಡಿಸಬಾರದು ಎಂದು ಬಡಿಸುವವರಿಗೆ ಕಟ್ಟಪ್ಪಣೆ. ಎಲೆಯಲ್ಲಿ ಒಂದು ತುತ್ತು ಉಳಿಸಿ ಏಳಲು ಹೋದವರ ಮುಂದೆ ಕೈ ಮುಗಿದು ನಿಲ್ಲುತ್ತಿದ್ದರು. “ಉಪ್ಪು ಕಮ್ಮಿಯಾ? ಖಾರ ಜಾಸ್ತಿಯಾ? ಹೇಳಿ, ತಿದ್ದಿಕೊಳ್ಳುತ್ತೇನೆ.” ಆ ಮುಖ ನೋಡಿ ಏಳುವ ಧೈರ್ಯ ಯಾರಿಗಿದೆ? ಪಾಯಸವನ್ನು ಬೆರಳಲ್ಲಿ ಬಳಿದು ತಿಂದರು.

ಎರಡು ವಾರಕ್ಕೆ ಬಲೂನು ಚಪ್ಪಟೆ. ಮರುದಿನದ ಮದುವೆಯಲ್ಲಿ ಗಂಡಿನ ಕಡೆಯವರು ಬೆಳಿಗ್ಗೆ ಬಂದಿಳಿದು ಕಾಫಿ ಕೇಳಿದರೆ ಒಲೆ ಹತ್ತಲಿಲ್ಲ. ಗಂಡಿನ ಸೋದರಮಾವ ಕೂಗಾಡಿದರು. ಮಾಸ್ಟರ್ ಎದೆ ಸೆಟೆಸಿಕೊಂಡು ಹೊರಗೆ ಬಂದು ಹೇಳಿದರು: “ಇಲ್ಲಿ ಕಾಫಿ ಇಲ್ಲ ಅಂದರೆ ಊಟ ಅಷ್ಟು ಚೆನ್ನಾಗಿರುತ್ತೆ ಅಂತ ಅರ್ಥ!”

ಗಣ್ಯರು ಬರುತ್ತಾರೆ

ಕೊಯಮತ್ತೂರಿನಲ್ಲೇ, ಆರ್.ಎಸ್. ಪುರಂನ ಅಪಾರ್ಟ್‌ಮೆಂಟ್ ಒಂದಕ್ಕೆ ಟ್ಯಾಂಕ್ ಕೂರಿಸಿದೆವು. ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷರು ರಿಟೈರ್ ಆದ ಬ್ಯಾಂಕ್ ಮ್ಯಾನೇಜರ್, ಶಿಸ್ತಿನ ಮನುಷ್ಯ. ಅವರಿಗೆ ಪ್ರೀತಿ ಎರಡೇ: ಸಭೆ ಮತ್ತು ಗುಲಾಬಿ. ಗೇಟಿನಿಂದ ಲಿಫ್ಟಿನವರೆಗೆ ಅವರದೇ ಗುಲಾಬಿ ಪಾತಿ. ಗಿಡ ಮಾತ್ರ ಮೊಗ್ಗು ಬಿಡದೆ ಮುಷ್ಕರ ಹೂಡಿತ್ತು.

ಸಗಣಿ ಕಲಸಿ ಹಾಕಿ, ದಿನಾ ಮುಸುರೆ ಉಣಿಸಿ, ನಲವತ್ತು ದಿನ ಕೂಸಿನ ಹಾಗೆ ಸಾಕಿದ ಮೇಲೆ ಟ್ಯಾಂಕ್ ಗ್ಯಾಸ್ ಬಿಡತೊಡಗಿತು. ಅಧ್ಯಕ್ಷರು ಉದ್ಘಾಟನೆ ಇಟ್ಟರು. ನಗರಪಾಲಿಕೆಯ ಅಧಿಕಾರಿಯೊಬ್ಬರು ಒಲೆ ಹಚ್ಚುವುದು, ಅದರಲ್ಲೇ ಕಾಫಿ ಕಾಯಿಸಿ ಎಲ್ಲರಿಗೂ ಕೊಡುವುದು. ಸುತ್ತಲಿನ ಐದಾರು ಅಪಾರ್ಟ್‌ಮೆಂಟಿನವರೂ ನೋಡಲು ಬರುವವರಿದ್ದರು. ಅಷ್ಟೂ ಆರ್ಡರ್ ಸಿಕ್ಕರೆ ನಮ್ಮ ವರ್ಕ್‌ಶಾಪಿಗೆ ಒಂದು ವರ್ಷದ ಕೆಲಸ. ನಮ್ಮ ಮಾಲೀಕರು ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಶಾಲು, ಹಾರ, ಭಾಷಣ ಎಲ್ಲ ಆಯಿತು. ಅಧಿಕಾರಿ ನಲ್ಲಿ ತಿರುಗಿಸಿ ಲೈಟರ್ ಒತ್ತಿದರು. ಟಿಕ್. ಇನ್ನೊಮ್ಮೆ ಟಿಕ್. ಹತ್ತು ಸಲ ಟಿಕ್. ಮಾಲೀಕರು ನನ್ನ ಕಡೆ ನೋಡಿದರು. ನಾನು ಓಡಿಹೋಗಿ ಮುಚ್ಚಳ ತೆಗೆದೆ.

ಟ್ಯಾಂಕಿನ ಒಳಗೆ ನನ್ನ ಮುಖ ಕಂಡಿತು. ಅಷ್ಟು ಪಳಪಳ. ಜೊತೆಗೆ ಫಿನಾಯಿಲ್ ಪರಿಮಳ.

ಕೆಲಸದ ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದಳು. “ದೊಡ್ಡವರು ಬರ್ತಾರೆ, ಮೂಲೆಮೂಲೆ ತೊಳೆದಿರಬೇಕು ಅಂತ ಅಧ್ಯಕ್ಷರು ಹೇಳಿದ್ದರು ಮೇಡಂ. ಇದರೊಳಗೆ ಎಷ್ಟು ಗಲೀಜು ಗೊತ್ತಾ? ನಿನ್ನೆ ಮಧ್ಯಾಹ್ನ ಪೂರ್ತಿ ಇದೇ ಆಯ್ತು. ಮೂರು ಸಲ ಫಿನಾಯಿಲ್ ಹಾಕಿದೆ!”

ನಲವತ್ತು ದಿನ ಸಾಕಿದ ನನ್ನ ಸೂಕ್ಷ್ಮಜೀವಿಗಳ ಸಂಸಾರವೇ ಹೋಗಿತ್ತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳ ಮುಖದಲ್ಲೋ, ಹಬ್ಬಕ್ಕೆ ಮನೆ ತೊಳೆದು ಮುಗಿಸಿದವರ ಕಳೆ. ಬೈಯಲು ಬಾಯಿ ಬರಲಿಲ್ಲ. ಎಲ್ಲರೆದುರು ನಿಜವನ್ನೇ ಹೇಳಿಬಿಟ್ಟೆ: ಆ ಗಲೀಜೇ ಗ್ಯಾಸ್ ಮಾಡುವುದು, ಅದನ್ನೇ ತೊಳೆದುಬಿಟ್ಟಿದ್ದಾರೆ.

ಅಧಿಕಾರಿ ಟ್ಯಾಂಕಿನೊಳಗೆ ಬಗ್ಗಿ ನೋಡಿದರು. ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ನನ್ನ ಸರ್ವಿಸಿನಲ್ಲಿ ಇಷ್ಟು ಶುಚಿಯಾದ ಗೋಬರ್ ಗ್ಯಾಸ್ ಟ್ಯಾಂಕ್ ನೋಡಿಲ್ಲ” ಎಂದು ತಮ್ಮ ಶಾಲನ್ನು ತೆಗೆದು ಅಕ್ಕನಿಗೆ ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಫಿ ಎದುರಿನ ಹೋಟೆಲಿನಿಂದ ಬಂತು. ಪಕ್ಕದ ಎರಡು ಅಪಾರ್ಟ್‌ಮೆಂಟಿನವರು ನಗುತ್ತಲೇ ಆರ್ಡರ್ ಕೊಟ್ಟರು, ತೊಳೆಯಬಾರದು ಎಂಬ ಬೋರ್ಡನ್ನೂ ನಾವೇ ಹಾಕಿಕೊಡಬೇಕು ಎಂಬ ಷರತ್ತಿನ ಮೇಲೆ.

ನಾನು ಮತ್ತೆ ಸಗಣಿ ಹೊತ್ತು ಟ್ಯಾಂಕ್ ತುಂಬಿಸಿದೆ. ಮತ್ತೆ ನಲವತ್ತು ದಿನ. ಕೊನೆಗೆ ಒಲೆ ಭುಗ್ ಎಂದು ಹತ್ತಿತು. ಮರುದಿನ ಬೆಳಿಗ್ಗೆಯೇ ಅಧ್ಯಕ್ಷರ ಫೋನ್, ಧ್ವನಿಯಲ್ಲಿ ಸಂಭ್ರಮ. ಒಲೆಯ ವಿಷಯವೇ ಇರಬೇಕು ಅಂದುಕೊಂಡೆ.

“ಮೇಡಂ, ಅವತ್ತು ಟ್ಯಾಂಕಿನಿಂದ ತೆಗೆದ ಗಲೀಜನ್ನು ಆ ಹೆಂಗಸು ನನ್ನ ಗುಲಾಬಿ ಪಾತಿಗೆ ಸುರಿದಿದ್ದಳಂತೆ. ಬಂದು ನೋಡಿ, ಗಿಡದಲ್ಲಿ ಎಲೆಯೇ ಕಾಣದ ಹಾಗೆ ಹೂವು!”

“ಬಹಳ ಸಂತೋಷ ಸಾರ್.”

“ಅದಿರಲಿ, ಟ್ಯಾಂಕನ್ನು ಮತ್ತೆ ಯಾವಾಗ ತೊಳೆಯಬಹುದು?”